ನಿನ್ನ ಕಡೆಯವರು ಯಾರಾದ್ರೂ ಬಂದಿದಾರಾ?

ನಲವತ್ತೆರಡನೆಯ ವಯಸ್ಸಿನಲ್ಲಿ ಪುಸ್ತಕದ ಚೀಲ ಹೊತ್ತು ಕಾಲೇಜಿಗೆ ಹೊರಟ ಲೊರೇನ್ ಹಟ್ಸೆಲ್‌ಳನ್ನು ಕಂಡು ಓಹಾಯೋದ ಆ ಪುಟ್ಟ ಊರಿನಲ್ಲಿ ನಗದವರಿರಲಿಲ್ಲ. ನಗಲಿ ಬಿಡಿ, ಅವರ ಹಲ್ಲು ತಾನೆ ಕಾಣುವುದು! ಎರಡು ವರ್ಷದ ಕಲಾ ಪದವಿ. ಬೆಳಿಗ್ಗೆ ತತ್ತ್ವಶಾಸ್ತ್ರ, ಮಧ್ಯಾಹ್ನ ಅಪರಾಧ ಮತ್ತು ನ್ಯಾಯ, ಸಂಜೆ ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ. ಪದವಿ ಬಂದರೆ, ಜೈಲಿನ ಹೊರಗಿರುವ ಅಪರಾಧಿಗಳ ಮೇಲೆ ಕಣ್ಣಿಡುವ ಪ್ರೊಬೇಷನ್ ಆಫೀಸಿನಲ್ಲಿ ನೌಕರಿ ಸಿಗಬಹುದೆಂಬ ಆಸೆ ಅವಳಿಗೆ.

ಈ ವಾರ ಅಪರಾಧ-ನ್ಯಾಯದ ಪಾಠ ಬೆಳಿಗ್ಗೆಯೇ, ಕೋರ್ಟಿನಲ್ಲಿ ಇತ್ತು. ಹಿಂದಿನ ಬೆಂಚಿನಲ್ಲಿ ಕೂತು, ಹೊಸದಾಗಿ ಹಿಡಿದು ತಂದವರ ಮೊದಲ ವಿಚಾರಣೆ ನೋಡಿ ವರದಿ ಬರೆಯಬೇಕು. “ಪೆನ್ನು ಬಿಚ್ಚಿ, ಬಾಯಿ ಮುಚ್ಚಿ. ಅಲ್ಲಿ ಬಾಯಿ ಬಿಟ್ಟೋರಿಗೆ ಇಲ್ಲಿ ಸೊನ್ನೆ,” ಎಂದಿದ್ದರು ಮೇಷ್ಟ್ರು ಬ್ಲೆಡ್ಸೋ. ಖಡಕ್ ಮನುಷ್ಯ.

ಆರೋಪಿಗಳನ್ನು ಈಗ ಕೋರ್ಟಿಗೆ ಕರೆತರುವುದಿಲ್ಲ. ಜೈಲಿನಲ್ಲೇ ಕ್ಯಾಮೆರಾ ಮುಂದೆ ಕೂರಿಸುತ್ತಾರೆ. ಗೋಡೆಯ ಟಿವಿಯಲ್ಲಿ ಅವರ ಮುಖ ಎಲ್ಲರಿಗೂ ಕಾಣುತ್ತದೆ. ಅವರಿಗೆ ಕಾಣುವುದು ಜಡ್ಜ್ ಒಬ್ಬರೇ.

“ಎರಡು ನಿಮಿಷಕ್ಕೊಬ್ಬ, ನೋಡಕ್ಕಾ! ನಮ್ಮ ಕ್ಯಾಂಟೀನಲ್ಲಿ ಬರ್ಗರ್‌ಗೂ ಇದಕ್ಕಿಂತ ಹೊತ್ತು ಹಿಡಿಯುತ್ತೆ,” ಎಂದು ಪಕ್ಕದಲ್ಲಿದ್ದ ಸಹಪಾಠಿ ಡಿವಾಂಟೆ ಪಿಸುಗುಟ್ಟಿದ.

“ಸುಮ್ನಿರೋ, ಸೊನ್ನೆ ಬೇಕಾ?”

ಒಂಬತ್ತನೆಯವನ ಮುಖ ಬಂದಾಗ ಅವಳ ಪೆನ್ನು ನಿಂತಿತು. ಟ್ರೆಂಟ್! ಸತ್ತ ಅಕ್ಕನ ಮಗ, ಇವಳೇ ಸಾಕಿದವನು. ಎರಡು ವರ್ಷದ ಹಿಂದೆ, ಇವಳ ತೀರಿಹೋದ ಗಂಡ ಬಿಟ್ಟುಹೋಗಿದ್ದ ಮರಗೆಲಸದ ಸಾಮಾನನ್ನೆಲ್ಲ ಮಾರಿ ಅಮಲಿನ ಮಾತ್ರೆ ನುಂಗಿದ್ದ. ಉಂಡ ಮನೆಗೇ ಎರಡು ಬಗೆದವನು. “ನನ್ನ ಪಾಲಿಗೆ ನೀನು ಸತ್ತೆ,” ಎಂದು ಅವಳು ಅಂದೇ ಬಾಗಿಲು ಹಾಕಿದ್ದಳು.

ಅಂಗಡಿಯಲ್ಲಿ ಕದ್ದ ಆರೋಪ. ಜಡ್ಜ್ ಮೇಡಂ ಕನ್ನಡಕ ಸರಿಪಡಿಸಿಕೊಂಡರು. “ಎರಡು ಸಲ ತಾರೀಕು ತಪ್ಪಿಸಿದೀಯ. ಬಿಟ್ರೆ ಬರ್ತೀಯ ಅಂತ ಏನು ಗ್ಯಾರಂಟಿ? ನಿನ್ನ ಕಡೆಯವರು ಯಾರಾದ್ರೂ ಬಂದಿದಾರಾ?”

“ಯಾರೂ ಇಲ್ಲ ಮೇಡಂ. ನನಗ್ಯಾರು ಬರ್ತಾರೆ?”

ಆ ದನಿಯಲ್ಲಿ ದೂರೇ ಇರಲಿಲ್ಲ. ಮೊನ್ನೆ ತತ್ತ್ವಶಾಸ್ತ್ರಕ್ಕೆ ಕ್ಷಮೆಯ ಮೇಲೆ ನಾಲ್ಕು ಪುಟ ಬರೆದು ಭೇಷ್ ಅನ್ನಿಸಿಕೊಂಡವಳು ಲೊರೇನ್. ಕಾಗದದ ಮೇಲೆ ಕ್ಷಮಿಸುವುದಕ್ಕೆ ಯಾರಪ್ಪನ ಗಂಟು ಹೋಗುತ್ತದೆ? ಹೊಟ್ಟೆಯೊಳಗಿನ ಸಿಟ್ಟು ಇನ್ನೂ ಹಾಗೇ ಇತ್ತು. ಸುಮ್ಮನಿದ್ದರೆ ವಿಚಾರಣೆ ಮುಗಿಯುವ ತನಕ ಹುಡುಗ ಜೈಲಿನಲ್ಲಿ ಕೊಳೆಯುತ್ತಾನೆ. ಮಾತಾಡಿದರೆ ಸೊನ್ನೆ, ಜೊತೆಗೆ ಕಳ್ಳ ಮತ್ತೆ ಮನೆಯೊಳಗೆ.

ಜಡ್ಜ್ ಬರೆಯಲು ಪೆನ್ನು ಎತ್ತಿಕೊಂಡರು. ಲೊರೇನ್ ಎದ್ದು ನಿಂತಳು.

“ನಾನಿದೀನಿ ಮೇಡಂ. ಅವನ ಚಿಕ್ಕಮ್ಮ. ನನ್ನ ಮನೇಲಿ ಇಟ್ಕೋತೀನಿ.”

“ಅಕ್ಕಾ, ಸೊನ್ನೆ!” ಎಂದು ಡಿವಾಂಟೆ ತೋಳು ಜಗ್ಗಿದ.

“ತಾರೀಕಿಗೆ ಬರ್ತಾನೆ ಅಂತ ನಿಮಗೆ ನಂಬಿಕೆ ಇದ್ಯಾ?” ಜಡ್ಜ್ ಕೇಳಿದರು.

ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. “ಚೂರೂ ಇಲ್ಲ ಮೇಡಂ. ಆದ್ರೆ ಕಿವಿ ಹಿಡಿದು ನಾನೇ ಕರ್ಕೊಂಡ್ ಬರ್ತೀನಿ.”

ಯಾರೋ ಕಿಸಕ್ಕೆಂದರು. ಜಡ್ಜ್ “ಆಗಲಿ,” ಎಂದು ಸಹಿ ಹಾಕಿದರು.

ಟಿವಿಯಲ್ಲಿ ಟ್ರೆಂಟ್ ಮುಂದಕ್ಕೆ ಬಾಗಿ, ಕಾಣದ ಅವಳನ್ನು ಹುಡುಕುತ್ತಿದ್ದ. “ಚಿಕ್ಕಮ್ಮಾ? ನೀನು ಯಾವಾಗಿಂದ ಕೂತಿದೀಯ ಅಲ್ಲಿ?”

ನಿನಗೋಸ್ಕರ ಬಂದದ್ದಲ್ಲ ಎಂಬ ಮಾತನ್ನು ಲೊರೇನ್ ನುಂಗಿಕೊಂಡಳು.

“ಬೆಳಿಗ್ಗೆ ಒಂಬತ್ತರಿಂದ ಕಣೋ,” ಎಂದಳು.