ನಡುವಿನ ಎರಡು ಮೊಳ

ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ, ಕತ್ತರಿಸುವ ಯಂತ್ರಕ್ಕೆ ಸಿಕ್ಕು ಚಿಕ್ಕಮ್ಮನ ಬಲಗೈಯ ಮೂರು ಬೆರಳು ಹೋದವು. ಯಂತ್ರ ನಿಲ್ಲಿಸುವ ಗುಂಡಿ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು, ತಪ್ಪು ಆಕೆಯದೇ ಎಂದು ಮ್ಯಾನೇಜರು ವರದಿ ಬರೆದು, ಆಕೆಯನ್ನು ಕೆಲಸದಿಂದ ತೆಗೆದರು.

ವಿಚಾರಣೆಯವರಿಗೆ ಕಳಿಸಲು ವರದಿಗೊಂದು ಫೋಟೊ ಬೇಕಿತ್ತು. ಕರೆಸಿದ್ದು ಫೋಟೊ ತೆಗೆಯುವ ಒಂಟಿಗಣ್ಣಿಯನ್ನು. ಕಣ್ಣೆರಡೂ ನೆಟ್ಟಗಿದ್ದವಳೇ, ಕ್ಯಾಮೆರಾ ಹಿಡಿದರೆ ಎಡಗಣ್ಣು ಮುಚ್ಚುತ್ತಾಳೆಂದು ಓಣಿಯವರು ಇಟ್ಟ ಹೆಸರು. ಬೆರಳು ಕಳೆದುಕೊಂಡವಳು ಇವಳ ತಾಯಿಯ ತಂಗಿ ಎಂಬುದು ಮ್ಯಾನೇಜರಿಗೆ ಗೊತ್ತಿರಲಿಲ್ಲ. ಕೆಲಸಗಾರರಿಗೂ ಬಂಧುಬಳಗ ಇರುತ್ತದೆಂದು ಅವರು ಎಂದೂ ಯೋಚಿಸಿದವರಲ್ಲ.

"ಬಾಗಿಲಲ್ಲಿ ನಿಂತ್ಕೊಂಡು, ಆ ಉದ್ದನೆ ಲೆನ್ಸ್ ಹಾಕಿ ತೆಗಿಯಮ್ಮಾ," ಎಂದರು. "ಹೋದ ವರ್ಷ ಕ್ಯಾಟಲಾಗಿಗೆ ತೆಗೆದಿದ್ಯಲ್ಲ, ಹಾಗೇ. ಎಂಟು ಯಂತ್ರ ಎಂಬತ್ತಾಗಿ ಕಂಡಿದ್ವು!"

ಆ ಕಣ್ಕಟ್ಟು ಅವಳದೇ. ದೂರ ನಿಂತು ಉದ್ದ ಲೆನ್ಸಿನಲ್ಲಿ ಎಳೆದರೆ ಹಿಂದಿನದು ಬಂದು ಮುಂದಿನದಕ್ಕೆ ಅಂಟಿಕೊಳ್ಳುತ್ತದೆ, ನಡುವಿನ ಜಾಗ ಮಾಯ. ಬಾಗಿಲಿಗೆ ಹೋಗಿ ಲೆನ್ಸಿನಲ್ಲಿ ನೋಡಿದಳು. ಗೋಡೆಯ ಕೆಂಪು ಗುಂಡಿ ಯಂತ್ರದ ಮುಂದಿನ ಸ್ಟೂಲಿನ ಮಗ್ಗುಲಿಗೇ ಬಂದು ಕೂತಿತ್ತು. ವರದಿ ನಿಜವಾಗಿಬಿಟ್ಟಿತ್ತು.

ಕಾಲು ನಿಂತಲ್ಲಿ ನಿಲ್ಲಲಿಲ್ಲ. ಕಿಟಕಿಯವರೆಗೆ ಹೋದಳು, ವಾಪಸು ಬಂದಳು. ಲೆನ್ಸಿನ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು.

"ಏನೇ ಹುಡುಗಿ, ಕಾಲಿಗೆ ಚಕ್ರ ಕಟ್ಕೊಂಡು ಬಂದ್ಯಾ?" ಚಿಕ್ಕಮ್ಮನ ಸ್ಟೂಲಿನಲ್ಲಿ ಈಗ ಕೂತಿದ್ದ ಹಿರಿಯ ಹೆಂಗಸು ಕೇಳಿದಳು.

"ಬೆಳಕು ನೋಡ್ತಿದೀನಿ ಅಕ್ಕಾ."

"ನೋಡು, ನೋಡು. ನಂಗೆ ಇಲ್ಲಿಂದ ಕಾಣೋದು ಈ ಬ್ಲೇಡ್ ಒಂದೇ."

ಒಂಟಿಗಣ್ಣಿ ಉದ್ದ ಲೆನ್ಸನ್ನು ಬಿಚ್ಚಿ ಚೀಲಕ್ಕೆ ಹಾಕಿದಳು. ಗಿಡ್ಡದನ್ನು ತೊಡಿಸಿ, ಯಂತ್ರದ ಪಕ್ಕಕ್ಕೆ ಬಂದು, ಕೂತವಳ ಕಣ್ಣಿನ ಮಟ್ಟಕ್ಕೆ ಮೊಣಕಾಲೂರಿದಳು. ರಟ್ಟಿನ ಪುಡಿ ಮಂಡಿಗೆ ಮೆತ್ತಿತು. ಮಾಯವಾಗಿದ್ದ ಜಾಗ ಅಗಲವಾಗಿ, ಬೋಳಾಗಿ ಎದುರಿಗೆ ಬಿದ್ದಿತ್ತು.

"ಅಕ್ಕಾ, ಬಲಗೈ ಯಂತ್ರದ ಹತ್ರಾನೇ ಇರ್ಲಿ, ಎಡಗೈ ಚಾಚಿ ಆ ಗುಂಡಿ ಮುಟ್ಟೋಕೆ ನೋಡಿ."

ಆಕೆ ಬಾಗಿದಳು. ಸ್ಟೂಲು ಎರಡೇ ಕಾಲಿನ ಮೇಲೆ ನಿಂತಿತು. ಬೆರಳ ತುದಿಯಿಂದ ಗುಂಡಿಗೆ ಇನ್ನೂ ಎರಡು ಮೊಳ ಬಾಕಿ.

ಮ್ಯಾನೇಜರು ಓಡಿಬಂದರು. "ಅಲ್ಲಿಂದಲ್ಲ! ಎದ್ದು ಬಾಗಿಲಿಗೆ ಹೋಗು. ಇನ್ನು ಮುಂದೆ ನಮ್ಮ ಕೆಲಸ ಬೇಕೋ ಬೇಡ್ವೋ ನಿಂಗೆ?"

"ಬೇಕು ಸಾರ್. ಬಾಗಿಲಿಂದ ಮಾತ್ರ ತೆಗಿಯಲ್ಲ." ಕ್ಯಾಮೆರಾ ಕ್ಲಿಕ್ಕೆಂದಿತು.

ಅವರು ಹೆಂಗಸಿನತ್ತ ತಿರುಗಿದರು. "ಏಯ್, ನೀನು ಕೈ ಇಳಿಸು!"

ಆಕೆ ತೋಳನ್ನು ಹಾಗೇ ಚಾಚಿಟ್ಟಳು.

"ಇಳಿಸಲ್ಲ," ಎಂದಳು ಆಕೆ. "ಇನ್ನೊಂದು ತೆಗಿ ಮಗಳೇ."