ಎರಡೂ ಎಡತೋಳು

ಕತ್ತು ನೋವು, ತಲೆ ಸಿಡಿತ ಅಂತ ಹೋದ ಪುಟ್ಟಿಗೆ ವೈದ್ಯೆ ಮಾತ್ರೆ ಬರೆದುಕೊಡಲಿಲ್ಲ. ಹತ್ತು ದಿನ ರಜೆ ಹಾಕಿ, ಫೋನು, ಕಂಪ್ಯೂಟರು ಎರಡನ್ನೂ ಮುಟ್ಟಬೇಡಿ ಅಂದರು. ಪುಟ್ಟಿ ಅಂದರೆ ಚಿಕ್ಕವಳೇನಲ್ಲ, ಮೂವತ್ತೆಂಟು ವರ್ಷದವಳು. ಅಪ್ಪ ಕರೆಯುವುದು ಹಾಗೆ. ವಿಮಾನದಲ್ಲಿ ಪೆಟ್ಟಿಗೆ ಕಳೆದುಕೊಂಡವರ ದೂರುಗಳಿಗೆ ದಿನವಿಡೀ ಕಂಪ್ಯೂಟರಿನಲ್ಲಿ ಉತ್ತರ ಬರೆಯುವುದು ಅವಳ ಕೆಲಸ. ಮನೆಗೆ ಬಂದರೆ ಫೋನು. ಊಟಕ್ಕೆ ಕೂತರೂ ತಟ್ಟೆಯ ಪಕ್ಕ ಅದೇ.

ಮನೆಯಲ್ಲಿ ಇದ್ದದ್ದು ಅಪ್ಪ, ಮಗಳು ಇಬ್ಬರೇ. ಅಮ್ಮ ತೀರಿಕೊಂಡು ನಾಲ್ಕು ವರ್ಷ. ಅಪ್ಪ ಟೈಲರು, ಅಂಗಡಿ ಮುಚ್ಚಿದ ಮೇಲೂ ಹೊಲಿಗೆ ಮೆಷಿನ್ನನ್ನು ಕಿಟಕಿ ಪಕ್ಕ ಇಟ್ಟುಕೊಂಡು ಏನಾದರೊಂದು ಹೊಲಿಯುತ್ತಿದ್ದರು.

ಫೋನನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ ಮೊದಲ ದಿನ ಅವಳಿಗೆ ಕೈಕಾಲೇ ಆಡಲಿಲ್ಲ. ಸಂಜೆ ಹೋಗಿ ಅಪ್ಪನ ಎದುರು ಕೂತಳು. ಅಪ್ಪನಿಗೆ ಹಿಗ್ಗೋ ಹಿಗ್ಗು. ತಮ್ಮ ಮೊದಲ ಗಿರಾಕಿಯ ಕಥೆ ತೆಗೆದರು. ಅವನು ಮದುವೆ ಗಂಡು. ಇವರು ಹೊಲಿದ ಕೋಟು ಎಷ್ಟು ಬಿಗಿಯೆಂದರೆ ಕೈ ಎತ್ತಲಾಗದೆ ಮದುವೆ ಮುಗಿಯುವವರೆಗೂ ಗೂಟದ ಹಾಗೆ ನಿಂತಿದ್ದನಂತೆ. ಇಬ್ಬರೂ ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕರು. ಇಷ್ಟು ವರ್ಷ ಇಂಥ ಅಪ್ಪನನ್ನು ಬಿಟ್ಟು ಅದೇನು ನೋಡುತ್ತಿದ್ದೆನೋ ಎಂದು ಅವಳಿಗೇ ನಾಚಿಕೆಯಾಯಿತು.

ಎರಡನೆಯ ಸಂಜೆಯೂ ಅಪ್ಪ ಅದೇ ಕಥೆ ಹೇಳಿದರು, ಒಂದು ಮಾತೂ ಆಚೀಚೆಯಾಗದಂತೆ. ತಮಾಷೆಗಿರಬೇಕು ಅಂದುಕೊಂಡಳು. ಮೂರನೆಯ ಸಂಜೆ ಕೋಟಿನ ಕಥೆ ಮುಗಿಸಿ ಬಾಗಿಲ ಕಡೆ ನೋಡಿದರು.

"ನಿಮ್ಮಮ್ಮ ಇಷ್ಟೊತ್ತಾದರೂ ಬರಲಿಲ್ಲವಲ್ಲ."

ಅವಳು ಎದ್ದು ಅಪ್ಪನ ಹತ್ತಿರ ಬಂದಳು. "ಅಪ್ಪಾ, ಅಮ್ಮ ಎಲ್ಲಿದ್ದಾಳೆ? ಹೋಗಿ ನಾಲ್ಕು ವರ್ಷ ಆಯ್ತಲ್ಲ."

"ಬರ್ತಾಳಾ ಅಂತ ದಿನಾ ಕೇಳ್ತೀನಿ. ನೀನು ದಿನಾ ಹೂಂ ಅಂತೀಯಲ್ಲೇ" ಅಂದರು ಅಪ್ಪ. ಹಾಗೆಂದವರೇ, ಸಾವಿನ ಸುದ್ದಿ ಈಗಷ್ಟೇ ಕಿವಿಗೆ ಬಿದ್ದವರಂತೆ, ಮೆಷಿನ್ನಿನ ಮೇಲೆ ತಲೆಯಿಟ್ಟು ಅತ್ತರು.

ಮರುದಿನ ಅಪ್ಪ ಮಲಗಿದ್ದಾಗ, ಅವರು ಹೊಲಿದಿಡುತ್ತಿದ್ದ ಬಟ್ಟೆಯ ಪೆಟ್ಟಿಗೆ ತೆರೆದಳು. ಅವಳ ಅಳತೆಗೇ ಹೊಲಿದ ಏಳು ಅಂಗಿ ಇದ್ದವು. ಒಂದನ್ನು ತೊಟ್ಟು ನೋಡಿದರೆ ಬಲಗೈ ಸರಿಯಾಗಿ ಕೂರುತ್ತಿಲ್ಲ. ಎರಡೂ ಎಡತೋಳು. ಏಳರಲ್ಲೂ ಹಾಗೇ. ಕೆಳಗಡೆ ಇಸ್ತ್ರಿ ಅಂಗಡಿಯ ಅಕ್ಕನನ್ನು ಕೇಳಿದಾಗ, ಅಪ್ಪ ದಾರಿ ತಪ್ಪಿಸಿಕೊಂಡಿದ್ದನ್ನು ತಾನು ಎರಡು ಸಲ ಅವಳನ್ನು ಮೆಟ್ಟಿಲ ಬಳಿ ನಿಲ್ಲಿಸಿ ಹೇಳಿದ್ದೆನೆಂದಳು. ಪುಟ್ಟಿ ಫೋನಿನಿಂದ ಕಣ್ಣು ತೆಗೆಯದೆ ತಲೆಯಾಡಿಸಿದ್ದಳಂತೆ.

ಆಸ್ಪತ್ರೆಯಲ್ಲಿ ಅಪ್ಪನನ್ನು ನೋಡಿದ ವೈದ್ಯರು, ಈ ಮರೆವಿನ ಕಾಯಿಲೆ ಶುರುವಾಗಿ ಎರಡು ವರ್ಷವಾದರೂ ಆಗಿರಬೇಕು, ಮುಂಚೆಯೇ ಬಂದಿದ್ದರೆ ಒಂದಷ್ಟು ದಿನ ತಡೆಹಿಡಿಯಬಹುದಿತ್ತೇನೋ ಅಂದರು. ಅವಳು ಅರ್ಧ ದಿನದ ಕೆಲಸ ಕೇಳಿ ಪಡೆದಳು. ಮನೆಗೆ ಬಂದರೆ ಫೋನು ಕಪಾಟಿಗೆ. ಕತ್ತು ನೋವು ಹೋಯಿತು, ತಲೆ ಹಗುರಾಯಿತು. ಅಪ್ಪ ಮಾತ್ರ ದಿನದಿಂದ ದಿನಕ್ಕೆ ದೂರವಾಗುತ್ತಾ ಹೋದರು. ಮೊದಲು ಕತ್ತರಿ ಹಿಡಿಯುವುದು ಮರೆತರು, ಆಮೇಲೆ ಕೋಟಿನ ಕಥೆ, ಕೊನೆಗೆ ಅವಳ ಮುಖ.

ಒಂದು ಮಧ್ಯಾಹ್ನ ಊಟ ಮಾಡಿಸುತ್ತಿದ್ದಾಗ ಅಪ್ಪ ಅವಳನ್ನೇ ನೋಡಿ, "ನೀವು ಒಳ್ಳೆಯವರಮ್ಮಾ, ಕೂತು ಮಾತಾಡ್ತೀರಿ" ಅಂದರು.

ಅವಳು ಇನ್ನೊಂದು ತುತ್ತು ಕಲಸಿದಳು.

"ನನಗೂ ಒಬ್ಬಳು ಮಗಳಿದ್ದಾಳೆ" ಅಂತ ದನಿ ತಗ್ಗಿಸಿದರು. "ಪಾಪ, ಅವಳಿಗೆ ತುಂಬಾ ಕೆಲಸ. ಮಾತಾಡಿಸಬಾರದು."

ಅವಳು ಸೆರಗಿನಿಂದ ಅವರ ಬಾಯಿ ಒರೆಸಿದಳು. ಆ ಮಗಳು ಹೇಗಿದ್ದಾಳೆ, ಹೇಳಿ ಅಂತ ಕೇಳಿದಳು. ಅಪ್ಪ ಹೇಳುತ್ತಾ ಹೋದರು.