ಒಲೆಯ ಬಲಗಡೆ

ತವರಿಗೆ ಹೋಗಲು ಪ್ರೆಂಡಾ ಕೋಣೆ ಕಾದಿರಿಸಬೇಕಾಯಿತು. ಆಗಸ್ಟ್ ತಿಂಗಳಲ್ಲಿ ಐದು ದಿನ, ಇಬ್ಬರು ಹೆಂಗಸರು, ಬೆಳಗಿನ ತಿಂಡಿ ಸೇರಿ. ಮಗಳು ಸುಯೇಲಾ ಅದನ್ನೆಲ್ಲ ದುರ್ರೆಸ್ ಪಟ್ಟಣದ ಮನೆಯಲ್ಲಿ ಕೂತು ಫೋನಿನಲ್ಲೇ ಮುಗಿಸಿದ್ದಳು. ಪ್ರೆಂಡಾಳ ತಮ್ಮ ಮಾರಾಶ್ ಬೆಟ್ಟದ ಮೇಲಿನ ಅಪ್ಪನ ಕಲ್ಲುಮನೆಯನ್ನು ಪ್ರವಾಸಿಗರ ವಸತಿ ಮಾಡಿ ಎಂಟು ವರ್ಷವಾಗಿತ್ತು. ಅವಳು ಹುಟ್ಟಿದ ಕೋಣೆಗೆ ಈಗ ನಾಲ್ಕನೇ ನಂಬರು.

"ಸ್ವಂತ ಅಕ್ಕ ಬರ್ತೀನಿ ಅಂದ್ರೆ ಸಾಲ್ದಾ ಅಮ್ಮ? ಬುಕ್ ಯಾಕೆ ಮಾಡ್ಬೇಕು?"

"ಅಕ್ಕ ಅಂದ್ರೆ ಏನಾದ್ರೂ ನೆಪ ಹೇಳ್ಬೋದು ಕಣೇ. ಅತಿಥಿ ಅಂದ್ರೆ ನಮ್ಮ ಬೆಟ್ಟದಲ್ಲಿ ಬಾಗಿಲು ಹಾಕೋ ಹಾಗಿಲ್ಲ."

ತಾನು ಬಹಳ ಜಾಣೆ ಅಂದುಕೊಂಡಿದ್ದಳು ಪ್ರೆಂಡಾ.

ಪ್ರೆಂಡಾಳ ಆಯಸ್ಸು ಎಲೆ ಉದುರುವವರೆಗೆ ಅಂದಿದ್ದರು ಡಾಕ್ಟರು. ಅದಕ್ಕೇ ಈ ರಜೆ, ಅಮ್ಮನಿಗೆ ಒಂದಿಷ್ಟು ತಂಪು ಗಾಳಿ ಎಂದು ಸುಯೇಲಾ ನಂಬಿದ್ದಳು. ಮೊದಲ ದಿನವೇ ಸ್ವೆಟರ್ ಹುಡುಕಲು ಅಮ್ಮನ ಚೀಲಕ್ಕೆ ಕೈಹಾಕಿದಾಗ ತಳದಲ್ಲಿ ಬಿಳಿ ಬಟ್ಟೆಯ ಗಂಟು ಸಿಕ್ಕಿತು. ಕಪ್ಪು ಲಂಗ, ಇಸ್ತ್ರಿ ಮಾಡಿದ ಬಿಳಿ ರವಿಕೆ, ಹೊಸ ಉಣ್ಣೆಯ ಕಾಲುಚೀಲ, ಅಜ್ಜಿಯ ತಲೆವಸ್ತ್ರ. ಅಂಥ ಗಂಟು ಏನೆಂದು ಆ ದೇಶದಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ವಯಸ್ಸಾದ ಹೆಂಗಸರೆಲ್ಲ ತಮ್ಮ ಕೊನೆಯ ಉಡುಪನ್ನು ತಾವೇ ಹೊಂದಿಸಿ ಬೀರುವಿನಲ್ಲಿ ಇಟ್ಟಿರುತ್ತಾರೆ.

"ರಜೆಗೆ ಬಂದೋರು ಇದನ್ನ ತರ್ತಾರಾ ಅಮ್ಮ?" ಸುಯೇಲಾ ಗಂಟನ್ನು ಎತ್ತಿ ಹಿಡಿದಳು.

"ನಾನು ತಂದೆ. ಮಡಚಿಡು, ಇಸ್ತ್ರಿ ಕೆಡುತ್ತೆ. ನಿನ್ನ ಮಾವನ ಹತ್ರ ಒಂದು ಮಾತು ಕೇಳೋದಿದೆ ನಂಗೆ."

ಪ್ರೆಂಡಾಳ ಗಂಡ ಪೆಟ್ರಿತ್ ಸತ್ತು ಐದು ವರ್ಷ. ಕೆಳಗಿನ ಬಯಲಿನಲ್ಲಿ, ಮಳೆ ಬಂದರೆ ನೀರು ನಿಲ್ಲುವ ಅವನ ಊರಿನ ಸ್ಮಶಾನದಲ್ಲಿ, ಅವನ ಅಕ್ಕಂದಿರು ಕಪ್ಪು ಕಲ್ಲು ನಿಲ್ಲಿಸಿದ್ದರು. ಒಂದೇ ಖರ್ಚಿನಲ್ಲಿ ಆಗಲೆಂದು ಪ್ರೆಂಡಾಳ ಹೆಸರನ್ನೂ ಮುಖವನ್ನೂ ಪಕ್ಕದಲ್ಲೇ ಕೆತ್ತಿಸಿದ್ದರು. ಹುಟ್ಟಿದ ವರ್ಷ, ಒಂದು ಗೆರೆ, ಆಮೇಲೆ ಖಾಲಿ. ನಲವತ್ತೊಂದು ವರ್ಷ ಅವನ ಕುಡಿತಕ್ಕೆ, ಅವನ ಕೈಗೆ ಹೆದರಿ ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ಅವಳು. ಸಾಯುವುದಕ್ಕೆ ಅವಳಿಗೆ ಭಯವಿರಲಿಲ್ಲ. ಸತ್ತ ಮೇಲೂ ಅವನ ಪಕ್ಕವೇ ಮಲಗಬೇಕಲ್ಲ ಎಂಬುದೊಂದೇ ಅವಳ ಭಯ.

ಮಾರಾಶ್ ಅಕ್ಕನನ್ನು ನೋಡಿ ಖುಷಿಯಿಂದಲೇ ಅಪ್ಪಿಕೊಂಡ. ಅವನ ಹೆಂಡತಿ ಪಾಶ್ಕಾ ಅಂಗಳದಲ್ಲಿ ಜರ್ಮನರಿಗೂ ಪೋಲೆಂಡಿನವರಿಗೂ ಚೀಸು, ಮೆಕ್ಕೆಜೋಳದ ರೊಟ್ಟಿ ಹಂಚುತ್ತ ಬೆವರುತ್ತಿದ್ದಳು. ಪ್ರೆಂಡಾ ಸುಮ್ಮನೆ ಕೂರಲಾರದೆ ಎಂಜಲು ತಟ್ಟೆಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು. ಪಾಶ್ಕಾ ಓಡಿಬಂದು ಕಿತ್ತುಕೊಂಡಳು.

"ಅಯ್ಯೋ, ಬಿಡಿ ಅಕ್ಕ! ಬಂದೋರ ಕೈಲಿ ತಟ್ಟೆ ತೊಳೆಸಿದ್ರೆ ನಮ್ಮ ಮರ್ಯಾದೆ ಏನಾಗ್ಬೇಕು?"

"ನಾನು ಬಂದೋಳಾ? ಈ ತೊಟ್ಟಿ ಹತ್ರ ನಿಂತೇ ಬೆಳೆದೋಳು ಕಣೇ ನಾನು."

"ಅದು ಆಗ. ಈಗ ಆರಾಮಾಗಿ ಕೂತ್ಕೊಳ್ಳಿ" ಎಂದು ಪಾಶ್ಕಾ ನಕ್ಕಳು.

ಮೂರನೇ ದಿನ ಬೆಳಿಗ್ಗೆ ಪ್ರೆಂಡಾ ತಮ್ಮನನ್ನು ಚರ್ಚಿನ ಹಿಂದಿನ ಸ್ಮಶಾನಕ್ಕೆ ಕರೆದೊಯ್ದಳು. ಮಾರಾಶ್ ಹುಟ್ಟಿದ್ದು ಆ ಚರ್ಚಿನೊಳಗೇ. ಪ್ರಾರ್ಥನೆಯನ್ನೇ ನಿಷೇಧಿಸಿದ್ದ ಅಂದಿನ ಸರ್ಕಾರ ದೇವರನ್ನು ಹೊರಗಟ್ಟಿ ಅಲ್ಲಿ ಹೆರಿಗೆಯ ಮಂಚ ಹಾಕಿಸಿತ್ತು. ಹಸಿ ಕೂಸನ್ನು ಕಂಬಳಿಯಲ್ಲಿ ಸುತ್ತಿ ಹಿಮದಲ್ಲಿ ಮನೆಗೆ ಹೊತ್ತುಕೊಂಡು ಹೋದವಳು ಹನ್ನೆರಡು ವರ್ಷದ ಪ್ರೆಂಡಾ. ಅಮ್ಮ ಆ ಚಳಿಗಾಲ ದಾಟಲಿಲ್ಲ. ಒಂಬತ್ತು ವರ್ಷ ಅವನನ್ನು ಸಾಕಿದ್ದೂ ಪ್ರೆಂಡಾಳೇ, ತನ್ನನ್ನು ಬಯಲುಸೀಮೆಗೆ ಮದುವೆ ಮಾಡಿ ಕಳಿಸುವವರೆಗೆ.

ಅಮ್ಮನ ಸಮಾಧಿಯ ಪಕ್ಕ, ಪ್ಲಮ್ ಮರದ ಕೆಳಗೆ, ಒಂದಾಳಿನ ಜಾಗ ಖಾಲಿಯಿತ್ತು.

"ಇದನ್ನ ನಂಗೆ ಕೊಡು ಮಾರಾಶ್."

ಮಾರಾಶ್ ಮರವನ್ನು ನೋಡಿದ. "ಹುಲ್ಲು ಕೊಯ್ಸ್‌ಬೇಕು ಇಲ್ಲಿ" ಎಂದ.

"ಹುಲ್ಲಿನ ಮಾತು ಬಿಡೋ. ಆ ಕೆಸರಲ್ಲಿ ಅವನ ಪಕ್ಕ ಮಲಗೋಕೆ ನನ್ನಿಂದ ಆಗಲ್ಲ. ಭಯ ಆಗುತ್ತೆ ಕಣೋ ನಂಗೆ."

"ಪೆಟ್ರಿತ್ ಕಡೆಯೋರು ಏನಂತಾರೆ ಅಕ್ಕ? ಅವರ ಮನೆ ಹೆಣಾನ ನಾವು ಕದ್ಕೊಂಡು ಬಂದ ಹಾಗಾಗುತ್ತೆ. ಕೊಟ್ಟ ಹೆಣ್ಣನ್ನ ವಾಪಸ್ ತಂದು ಮಣ್ಣು ಮಾಡಿದ್ದು ಈ ಊರಲ್ಲಿ ಯಾರೂ ಕಂಡಿಲ್ಲ."

"ಹೆಣ ಅನ್ಬೇಡ್ವೋ, ಇನ್ನೂ ನಿಂತ್ಕೊಂಡಿದ್ದೀನಿ."

ಇಬ್ಬರಿಗೂ ಒಂದು ಗಳಿಗೆ ನಗು ಬಂತು. ಆಮೇಲೆ ಮಾರಾಶ್ ಕಣ್ಣೊರೆಸಿಕೊಂಡ. "ಯೋಚ್ನೆ ಮಾಡ್ತೀನಿ ಅಕ್ಕ. ನಾಳೆ ಸಂಜೆ ಒಳಗಡೆ ಊಟಕ್ಕೆ ಬಾ. ಮನೆಯೋರು ಮಾತ್ರ ಇರ್ತೀವಿ."

ಮನೆಯವರು ಮಾತ್ರ! ಆ ಒಂದು ಮಾತನ್ನು ಪ್ರೆಂಡಾ ಮರುದಿನ ಸಂಜೆಯವರೆಗೂ ಬಾಯಲ್ಲಿ ಸಕ್ಕರೆಯಂತೆ ಇಟ್ಟುಕೊಂಡಳು. ಗಂಟಿನಲ್ಲಿದ್ದ ಅಮ್ಮನ ತಲೆವಸ್ತ್ರವನ್ನೇ ಕಟ್ಟಿಕೊಂಡು ಹೋದಳು.

ಹಳೆಯ ಕೋಣೆಯಲ್ಲಿ ಒಲೆ ಉರಿಯುತ್ತಿತ್ತು. ಅವಳು ಬಾಗಿಲ ಬಳಿಯ ಗಿಡ್ಡ ಮಣೆಯ ಕಡೆ ನಡೆದಳು. ಆ ಮನೆಯ ಹೆಣ್ಣುಮಕ್ಕಳು ಕೂರುತ್ತಿದ್ದದ್ದೇ ಅಲ್ಲಿ. ಮಾರಾಶ್ ಅವಳ ತೋಳು ಹಿಡಿದ.

"ಅಲ್ಲಲ್ಲ ಅಕ್ಕ. ಇಲ್ಲಿ."

ಒಲೆಯ ಬಲಗಡೆ ಬಿಳಿ ಕುರಿತುಪ್ಪಳದ ಹಾಸು ಹಾಸಿತ್ತು. ಅಪ್ಪನ ಕಾಲದಲ್ಲಿ ಅಲ್ಲಿ ಕೂರುತ್ತಿದ್ದವರು ದೂರದ ಊರಿನವರು, ಪರರು. ಅಪ್ಪ ಕೂಡ ತನ್ನ ಮನೆಯಲ್ಲಿ ಅಲ್ಲಿ ಕೂತವನಲ್ಲ. ಚಿಕ್ಕಂದಿನಲ್ಲಿ ಪ್ರೆಂಡಾ ಆ ಜಾಗಕ್ಕೆ ಕಾಫಿ ತಂದುಕೊಟ್ಟು ಹಿಂದೆ ಸರಿದು ನಿಲ್ಲುತ್ತಿದ್ದಳು. ಮನೆಯವಳಾದರೆ ಅವಳಿಗೆ ಉತ್ತರ ಕೊಡಬೇಕು. ಅತಿಥಿಗಾದರೆ ಊಟ ಕೊಟ್ಟರೆ ಸಾಕು.

ಅವಳು ಕೂತಳು. ಮಾರಾಶ್ ಅವಳ ಕೈಗೆ ತಾನೇ ನೀರು ಹಾಕಿದ, ಹಣ್ಣಿನ ಸಾರಾಯಿ ರಾಕಿಯ ಮೊದಲ ಲೋಟ ಅವಳಿಗೇ ಸುರಿದ, ಹೋತದ ಮಾಂಸದಲ್ಲಿ ಒಳ್ಳೆಯ ತುಂಡನ್ನು ಆರಿಸಿ ಅವಳ ತಟ್ಟೆಗಿಟ್ಟ. ಯಾವುದರಲ್ಲೂ ಕೊರತೆ ಮಾಡಲಿಲ್ಲ. ಜಾಗದ ಮಾತು ಮಾತ್ರ ಯಾರೂ ಎತ್ತಲಿಲ್ಲ.

"ನೋಡಮ್ಮ, ಮಾವ ಎಷ್ಟು ಪ್ರೀತಿ ಮಾಡ್ತಾರೆ" ಎಂದು ಬಯಲಲ್ಲೇ ಬೆಳೆದ ಸುಯೇಲಾ ಕಿವಿಯಲ್ಲಿ ಪಿಸುಗುಟ್ಟಿದಳು. "ಹೂಂ ಅಂತಾರೆ ಬಿಡು."

"ಉತ್ತರ ಕೊಟ್ಟಾಯ್ತು ಮಗಳೇ" ಎಂದಳು ಪ್ರೆಂಡಾ. "ತಿನ್ನು, ಆರಿಹೋಗುತ್ತೆ."

ಐದನೇ ದಿನ ಬೆಳಿಗ್ಗೆ ಮಾರಾಶ್ ಅವಳ ಚೀಲವನ್ನು ಹೆಗಲಿಗೆ ಹಾಕಿಕೊಂಡ. ಅತಿಥಿಯನ್ನು ಸೇತುವೆಯವರೆಗೆ ಬಿಟ್ಟುಬರುವುದು ಅಲ್ಲಿನ ಕ್ರಮ. ಅತಿಥಿಯೇ "ಇನ್ನು ತಿರುಗು" ಎನ್ನಬೇಕು. ಅನ್ನುವತನಕ ಮನೆಯವನು ಜೊತೆಗೆ ನಡೆಯುತ್ತಲೇ ಇರಬೇಕು. ವ್ಯಾನು ಸೇತುವೆಯ ಆಚೆ ನಿಂತಿತ್ತು. ಸುಯೇಲಾ ಮುಂದೆ ಹೋಗಿ ಸೀಟು ಹಿಡಿದಿದ್ದಳು.

"ಎಷ್ಟು ಹಗುರ ಇದೆ ಅಕ್ಕ ನಿನ್ನ ಚೀಲ! ಏನೂ ತಂದೇ ಇಲ್ವಲ್ಲ ನೀನು."

"ಬೇಕಾಗಿದ್ದೆಲ್ಲ ತಂದಿದ್ದೆ."

ಸೇತುವೆಯ ನಡುವೆ ಅವಳು ನಿಂತಳು. ಹೇಳದೇ ಇದ್ದರೆ? ಇವನು ವ್ಯಾನು ಹತ್ತಬೇಕಾಗುತ್ತದೆ, ಆ ಬಯಲಿಗೆ, ಆ ಕಪ್ಪು ಕಲ್ಲಿನವರೆಗೂ ಬರಬೇಕಾಗುತ್ತದೆ. ಕೆತ್ತಿದ ತನ್ನ ಮುಖದ ಮುಂದೆ ಇವನನ್ನು ನಿಲ್ಲಿಸಬೇಕು ಅನ್ನಿಸಿತು. ಮಾರಾಶ್ ಅವಳ ಬಾಯನ್ನೇ ನೋಡುತ್ತ ಕಾಯುತ್ತಿದ್ದ, ಚಿಕ್ಕವನಿದ್ದಾಗ ತುತ್ತಿಗೆ ಕಾಯುತ್ತಿದ್ದ ಹಾಗೆ.

ಅವಳು ಚೀಲಕ್ಕೆ ಕೈಚಾಚಿದಳು.

"ಇನ್ನು ತಿರುಗು ಮಾರಾಶ್."

ಅವನು ಎದೆಯ ಮೇಲೆ ಕೈಯಿಟ್ಟು ಬಾಗಿದ, ಚೀಲ ಕೊಟ್ಟ, ತಿರುಗಿದ. ಹತ್ತು ಹೆಜ್ಜೆ ನಿಧಾನವಾಗಿ ನಡೆದ. ಆಮೇಲೆ, ಮನೆಯಲ್ಲಿ ಜರ್ಮನರ ತಿಂಡಿಯ ಹೊತ್ತಾಗಿತ್ತು, ಬೇಗಬೇಗ ನಡೆದ.